ಗೊತ್ತಿಲ್ಲ ಎನ್ನದ ವಕೀಲರು

ಡೆನಿಸ್ ಹ್ಯಾಲೊರನ್ ಅವರನ್ನು ಚುನಾವಣೆಯಲ್ಲಿ ಸೋಲಿಸಿದವಳು ನಾನು. ಅದೂ ಬೇಳೆ ಒಬ್ಬಟ್ಟಿನಿಂದ. ಅಡಿಲೇಡಿನ ಪತ್ರಿಕೆಯವರು ಬೇರೆ ಕಾರಣಗಳನ್ನು ಬರೆದರು. ಕ್ಷೇತ್ರದ ಗಡಿ ಬದಲಾಯಿತಂತೆ, ಅವರಿಗೆ ವಯಸ್ಸಾಯಿತಂತೆ, ಜನಕ್ಕೆ ಹೊಸ ಮುಖ ಬೇಕಾಗಿತ್ತಂತೆ. ಬರೆದುಕೊಳ್ಳಲಿ. ನನಗೆ ಗೊತ್ತಿರುವುದನ್ನು ನಾನು ಹೇಳುತ್ತೇನೆ.

ನನ್ನ ಹೆಸರು ಚಿನ್ಮಯಿ, ಊರು ಮೈಸೂರು, ಸರಸ್ವತಿಪುರಂ. ಈಗ ಅಡಿಲೇಡಿನ ಉತ್ತರಕ್ಕಿರುವ ಸ್ಯಾಲಿಸ್‌ಬರಿಯಲ್ಲಿ ಮನೆ. ಗಂಡ ಸತೀಶ ಹತ್ತಿರದ ಒಂದು ಕಾರ್ಖಾನೆಯಲ್ಲಿ ಎಂಜಿನಿಯರು, ಮಗಳು ಇಂಚರಾ ಹೈಸ್ಕೂಲು. ನಾನು ಸೀಮಂತ, ನಾಮಕರಣ, ಗೃಹಪ್ರವೇಶಗಳಿಗೆ ಅಡುಗೆ ಮಾಡಿಕೊಡುತ್ತೇನೆ. ನನಗೆ ಸಿಟ್ಟು ಬೇಗ ಬರುತ್ತದೆ, ಬೇಗ ಇಳಿಯುತ್ತದೆ. ಇಳಿಯದೇ ಇರುವುದು ಮಾತೊಂದೇ ಎಂದು ಸತೀಶ ಬಂದವರಿಗೆಲ್ಲ ಹೇಳುತ್ತಾನೆ.

ಈ ದೇಶಕ್ಕೆ ನಾನು ಮೊದಲು ಬಂದಿಳಿದದ್ದು ಬ್ರಿಸ್ಬೇನ್‌ನಲ್ಲಿ, ಹದಿನೇಳು ವರ್ಷಗಳ ಹಿಂದೆ, ಅಡುಗೆ ಕಲಿಯಲು. ಅಡುಗೆ ಕಲಿಯಲು ಸಮುದ್ರ ದಾಟಬೇಕೇ ಎಂದು ನಮ್ಮ ಬೀದಿಯೆಲ್ಲ ನಕ್ಕಿತ್ತು. ಎಂಟು ತಿಂಗಳಾಗುವಷ್ಟರಲ್ಲಿ ಒಂದು ಸೋಮವಾರ ಕಾಲೇಜಿಗೆ ಹೋದರೆ ಬಾಗಿಲಿಗೆ ಬೀಗ, ಗಾಜಿಗೆ ಅಂಟಿಸಿದ ಒಂದು ಚೀಟಿ. ಕಾಲೇಜು ದಿವಾಳಿಯಾಗಿತ್ತು. ಹಾಸನದ ಮಧುರಾ ನನ್ನ ಜೊತೆಯವಳು. ಅಡಿಲೇಡಿನಲ್ಲಿ ಸೀಟು ಸಿಗುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ ಇಬ್ಬರೂ ಬಸ್ಸು ಹತ್ತಿದೆವು. ಸೀಟು ಸಿಗುವುದರೊಳಗೆ ವಲಸೆ ಇಲಾಖೆಯಿಂದ ಕಾಗದ ಬಂತು: ಇಷ್ಟು ದಿನ ಯಾವ ಕಾಲೇಜಿಗೂ ಸೇರಿರದ ಕಾರಣ ನಿಮ್ಮ ವೀಸಾ ಯಾಕೆ ರದ್ದು ಮಾಡಬಾರದು ಎಂದು.

ಇಬ್ಬರು ವಕೀಲರು ಕಾಗದ ನೋಡಿ ತಲೆಯಾಡಿಸಿ ಕಳಿಸಿದರು. ಪ್ರಾಸ್ಪೆಕ್ಟ್ ರೋಡಿನಲ್ಲಿ ನಾವು ಅಕ್ಕಿ ತರುತ್ತಿದ್ದ ಅಂಗಡಿಯ ಗುಜರಾತಿ ಅಂಕಲ್ ಮಾತ್ರ ಬೆರಳನ್ನು ಮೇಲಕ್ಕೆ ತೋರಿಸಿದರು. ಮಹಡಿಯ ಮೇಲೆ ಒಬ್ಬ ವಿಕ್ಟೋರಿಯಾದವನಿದ್ದಾನೆ, ಮಾತು ಜಾಸ್ತಿ, ಆದರೂ ಹೋಗಿ ನೋಡಿ ಎಂದರು.

ವಿಕ್ಟೋರಿಯಾ ಎಂದರೆ ಪಕ್ಕದ ರಾಜ್ಯ. ಅಲ್ಲಿಯವರನ್ನು ಕಂಡರೆ ಅಡಿಲೇಡಿನವರಿಗೆ ಅಷ್ಟಕ್ಕಷ್ಟೆ. ಫುಟ್‌ಬಾಲ್‌ನಿಂದ ಶುರುವಾಗಿ ಕುಡಿಯುವ ನದಿ ನೀರಿನ ತನಕ ಜಗಳ. ನಮಗೇನು, ನದಿ ನೀರಿನ ಜಗಳ ಹೊಸದೇ? ಮೆಟ್ಟಿಲು ಹತ್ತಿದೆವು. ಮೇಲೆ, ಫೈಲುಗಳ ನಡುವೆ, ಐವತ್ತು ದಾಟಿದ ಉದ್ದನೆಯ ಮನುಷ್ಯರೊಬ್ಬರು ಶೂ ಬಿಚ್ಚಿಟ್ಟು ಸಾಕ್ಸಿನಲ್ಲಿ ಓಡಾಡುತ್ತಿದ್ದರು. ಅವರೇ ಹ್ಯಾಲೊರನ್. ನಮ್ಮ ಕಾಗದವನ್ನು ಎರಡು ಸಲ ಓದಿದರು. ಬೀಗ ಹಾಕಿದ್ದು ಕಾಲೇಜಿನವರು, ನೀವಲ್ಲ, ಅಷ್ಟನ್ನು ಇಲಾಖೆಯವರ ತಲೆಗೆ ಹೋಗುವಂತೆ ಹೇಳಬೇಕು ಎಂದರು. ಫೀಸಿನ ಮಾತನ್ನು ಆ ದಿನವೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ.

ಏಳು ತಿಂಗಳು ಓಡಾಡಿದರು. ಬ್ರಿಸ್ಬೇನ್‌ಗೆ ತಾವೇ ಹೋಗಿ ಆ ಕಾಲೇಜಿನ ಹಳೆಯ ಮೇಷ್ಟರೊಬ್ಬರನ್ನು ಹುಡುಕಿ, ನಮ್ಮಿಬ್ಬರ ಹಾಜರಾತಿಗೆ ಸಾಕ್ಷಿ ಬರೆಸಿಕೊಂಡು ಬಂದರು. ವಿಚಾರಣೆಯ ದಿನ ನಾನು ಹೇಳಬೇಕಾದ್ದನ್ನು ಗಟ್ಟಿಯಾಗಿ ಬಾಯಿಪಾಠ ಮಾಡುತ್ತ ಕೂತಿದ್ದೆ. ನಿಜ ಹೇಳುವುದಕ್ಕೆ ಜೋರು ಧ್ವನಿ ಬೇಡ, ಮೆಲ್ಲಗೆ ಹೇಳು ಎಂದು ಮೊಣಕೈ ಮುಟ್ಟಿದರು. ವೀಸಾ ಉಳಿಯಿತು, ನನ್ನದೂ, ಮಧುರಾಳದೂ. ಆ ಸಂಜೆ ನಾನು ಅತ್ತಷ್ಟು ಮದುವೆಯ ದಿನವೂ ಅತ್ತಿಲ್ಲ.

ಅಲ್ಲಿಂದ ಮುಂದೆ ಪ್ರತಿ ವರ್ಷ ಅದೇ ತಾರೀಖಿಗೆ ನಾನು ಏನಾದರೂ ಮಾಡಿಕೊಂಡು ಅವರ ಮಹಡಿ ಹತ್ತುತ್ತಿದ್ದೆ. ಒಂದು ವರ್ಷ ಕೊಬ್ಬರಿ ಮಿಠಾಯಿ, ಒಂದು ವರ್ಷ ಚಕ್ಕುಲಿ. ಚಹಾ ಕುಡಿಯುತ್ತ ಅವರು ತಮ್ಮ ಕಥೆ ಹೇಳುತ್ತಿದ್ದರು. ಊರು ವಿಕ್ಟೋರಿಯಾದ ಬ್ಯಾಲರಟ್. ತಂದೆ ರೈಲ್ವೆ ವರ್ಕ್‌ಶಾಪಿನಲ್ಲಿ, ತಾಯಿ ಕೋರ್ಟಿನ ಕಟ್ಟಡ ಗುಡಿಸುವ ಕೆಲಸದಲ್ಲಿ. ಮಗ ಕರಿ ಗೌನು ಹಾಕಿಕೊಂಡು ಮೊದಲ ಸಲ ಅದೇ ಕೋರ್ಟಿಗೆ ಹೋದ ದಿನ ಆ ತಾಯಿ, ಕಾಲೊರೆಸಿಕೊಂಡು ಒಳಗೆ ಹೋಗು ಎಂದರಂತೆ. ಅಡಿಲೇಡಿನ ನರ್ಸ್ ಮೌರೀನ್ ಅವರನ್ನು ಮದುವೆಯಾಗಿ ಇಲ್ಲಿಗೆ ಬಂದವರು, ಮೂವತ್ತೈದು ವರ್ಷವಾದರೂ ಊರಿನವರ ಬಾಯಲ್ಲಿ ವಿಕ್ಟೋರಿಯಾದವನಾಗಿಯೇ ಉಳಿದರು. ನೀನು ನನಗಿಂತ ಬೇಗ ಈ ಊರಿನವಳಾಗುತ್ತೀಯ ನೋಡು ಎಂದು ನನ್ನನ್ನು ಛೇಡಿಸುತ್ತಿದ್ದರು. ಹೆಸರು ಹಿಡಿದು ಡೆನಿಸ್ ಎಂದು ಕರೆ ಎಂದು ವರ್ಷವರ್ಷವೂ ಹೇಳಿದರು. ನನ್ನ ನಾಲಿಗೆ ತಿರುಗಲಿಲ್ಲ, ಕಡೆಗೆ ಡೆನಿಸ್ ಸರ್ ಎಂಬಲ್ಲಿಗೆ ರಾಜಿಯಾದೆವು.

ಉತ್ತರದಲ್ಲಿದ್ದ ಕಾರು ಕಾರ್ಖಾನೆ ಮುಚ್ಚಿದಾಗ ಅವರ ಮೆಟ್ಟಿಲ ಮೇಲೆ ದಿನವೂ ಕೆಲಸ ಕಳೆದುಕೊಂಡವರ ಸಾಲು. ಒಬ್ಬೊಬ್ಬರ ಅರ್ಜಿ ಬರೆದು ಮುಗಿಯುವುದಿಲ್ಲ, ಕಾನೂನು ಬರೆಯುವ ಜಾಗದಲ್ಲೇ ಹೋಗಿ ಕೂರಬೇಕು ಎಂದು ಹೊರಟೇಬಿಟ್ಟರು. ಯಾವ ಪಕ್ಷಕ್ಕೂ ಸೇರದೆ ಸ್ಯಾಲಿಸ್‌ಬರಿಯ ಕಡೆಯಿಂದ ರಾಜ್ಯದ ಚುನಾವಣೆಗೆ ನಿಂತರು. ಗೆದ್ದರು, ನಾಲ್ಕು ವರ್ಷದ ಮೇಲೆ ಇನ್ನೊಮ್ಮೆ ಗೆದ್ದರು. ಶನಿವಾರ ಶನಿವಾರ ಶಾಪಿಂಗ್ ಸೆಂಟರಿನ ಮುಂದೆ ಒಂದು ಮಡಚುವ ಮೇಜು, ಎರಡು ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ರಾತ್ರಿ ಪಾಳಿ ಮುಗಿಸಿದವರಿಗೆ ಬಸ್ಸು ಬಂದದ್ದು ಆ ಮೇಜಿನಿಂದಲೇ. ಎರಡೂ ಚುನಾವಣೆಯಲ್ಲಿ ನಾನು ಅವರ ಕರಪತ್ರ ಹಂಚಿದ್ದೆ.

ಈ ವರ್ಷ ಮೂರನೆಯ ಸಲ. ಗಾಳಿ ಅವರ ಕಡೆಗಿರಲಿಲ್ಲ. ಶನಿವಾರ ಮತದಾನ, ಅದಕ್ಕೆ ಎರಡು ದಿನ ಮುಂಚೆ, ಗುರುವಾರ, ಯುಗಾದಿ. ಶನಿವಾರ ಬರಲಾಗದವರಿಗೆಂದು ಆ ವಾರವಿಡೀ ಸ್ಯಾಲಿಸ್‌ಬರಿಯ ಒಂದು ಸಭಾಂಗಣದಲ್ಲಿ ಮುಂಗಡ ಮತದಾನ ನಡೆದಿತ್ತು, ಬಾಗಿಲಾಚೆ ಉದ್ದನೆಯ ಸರದಿ.

ಕನ್ನಡ ಸಂಘದವರಿಗೆಂದು ಬೆಳಗ್ಗೆಯಿಂದ ಒಬ್ಬಟ್ಟು ತಟ್ಟುತ್ತಿದ್ದೆ. ಕಣಕ ಉಳಿದಿತ್ತು, ಹೂರಣವೂ ಉಳಿದಿತ್ತು. ಹಬ್ಬದ ದಿನ ಅಕ್ಕಪಕ್ಕದವರಿಗೆ ಕೊಡದೆ ತಾವೇ ತಿನ್ನುವವರುಂಟೇ? ಅರವತ್ತು ಜಾಸ್ತಿ ಮಾಡಿ, ಎರಡೆರಡನ್ನು ಬೆಣ್ಣೆ ಕಾಗದದಲ್ಲಿ ಸುತ್ತಿದೆ. ಮುಚ್ಚಲು ಟೇಪು ಹುಡುಕಿದರೆ ಮುಗಿದಿತ್ತು. ಪ್ರಚಾರದ ದುಂಡನೆಯ ಸ್ಟಿಕರುಗಳು ಡಬ್ಬಿ ತುಂಬ ಇದ್ದವು, ಹ್ಯಾಲೊರನ್ ಅವರ ನಗುಮುಖ, ಅದರ ಕೆಳಗೆ ಅವರ ಹೆಸರು. ಒಂದೊಂದು ಪೊಟ್ಟಣಕ್ಕೆ ಒಂದೊಂದು ಮುಖ ಅಂಟಿಸಿದೆ. ಟೇಪು ಮುಗಿದಿತ್ತು ಎಂದೇ ಎಲ್ಲರಿಗೂ ಹೇಳಿದ್ದೇನೆ. ಇಲ್ಲಿ ನಿಜ ಹೇಳುತ್ತೇನೆ, ಡ್ರಾಯರಿನಲ್ಲಿ ಇನ್ನೊಂದು ಟೇಪು ಇತ್ತು.

ಇಳಕಲ್ ಸೀರೆ ಉಟ್ಟು, ಬುಟ್ಟಿ ಹಿಡಿದು, ಸರದಿಯಲ್ಲಿ ನಿಂತವರಿಗೆಲ್ಲ ಕೈಮುಗಿದು ಹಂಚಿದೆ. ಇವತ್ತು ನಮ್ಮ ಹೊಸ ವರ್ಷ, ಬಾಯಿ ಸಿಹಿ ಮಾಡಿಕೊಳ್ಳಿ, ಒಳ್ಳೆಯವರಿಗೆ ವೋಟು ಹಾಕಿ ಎಂದೆ. ಬಿಸಿಲಲ್ಲಿ ನಿಂತಿದ್ದ ಜನ ಖುಷಿಯಿಂದ ತಿಂದರು. ಎದುರಾಳಿಯ ಕಡೆಯ ಒಬ್ಬಾಕೆ ಫೋಟೊ ತೆಗೆದುಕೊಂಡಳು. ಸೀರೆ ಚೆನ್ನಾಗಿದೆ ಎಂದು ತೆಗೆಯುತ್ತಿದ್ದಾಳೆ ಅಂದುಕೊಂಡು ನಾನು ಸೆರಗು ಸರಿಮಾಡಿಕೊಂಡು ನಿಂತೆ.

ಮೂರೂವರೆಗೆ ಇಂಚರಾ ಸ್ಕೂಲಿನಿಂದ ಬಂದವಳು ಬ್ಯಾಗನ್ನೂ ಇಳಿಸಲಿಲ್ಲ. ಫೋನು ನನ್ನ ಮುಖದ ಮುಂದೆ ಹಿಡಿದಳು. ಸೀರೆ, ಬುಟ್ಟಿ, ಪೊಟ್ಟಣದ ಮೇಲಿನ ಮುಖ, ಎಲ್ಲ ಸ್ಪಷ್ಟವಾಗಿತ್ತು.

"ಅಮ್ಮಾ, ಯೂ ಕಾಂಟ್ ಗಿವ್ ಫುಡ್ ಟು ವೋಟರ್ಸ್. ದಟ್ಸ್ ಲಿಟರಲಿ ಬ್ರೈಬರಿ."

ನನಗೆ ರೇಗಿತು. ನಮ್ಮ ಕಡೆ ಲಂಚ ಎಂದರೆ ಕುಕ್ಕರು, ಸೀರೆ, ಮೂಗುತಿ. ಹಬ್ಬದ ಒಬ್ಬಟ್ಟನ್ನು ಲಂಚ ಎಂದವರನ್ನು ನಾನು ಕಂಡಿಲ್ಲ. ಇಲ್ಲಿಯೂ ಮತಗಟ್ಟೆಗಳ ಮುಂದೆ ಸಾಸೇಜು ಸುಡುತ್ತಾರೆ, ಊರೆಲ್ಲ ತಿನ್ನುತ್ತದೆ, ಅದು ತಪ್ಪಲ್ಲ, ನನ್ನದು ತಪ್ಪೇ ಎಂದು ಕೇಳಿದೆ. ಅದನ್ನು ಸ್ಕೂಲಿನವರು ಮಾರುತ್ತಾರೆ, ಅದರ ಮೇಲೆ ಯಾವ ಕ್ಯಾಂಡಿಡೇಟಿನ ಮುಖವೂ ಇರುವುದಿಲ್ಲ ಎಂದಳು ಇಂಚರಾ. ಆಗ ನನಗೆ ಹೊಳೆಯಿತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿಬಿಟ್ಟಿದ್ದೆ.

ಸತೀಶನ ಜೊತೆ ಹ್ಯಾಲೊರನ್ ಅವರ ಆಫೀಸಿಗೆ ಹೋದಾಗ ಐದು ಗಂಟೆ. ಪ್ರಚಾರ ನೋಡಿಕೊಳ್ಳುತ್ತಿದ್ದ ಟ್ರೇಸಿ ಆಗಲೇ ಹೇಳಿಕೆಯೊಂದನ್ನು ಟೈಪು ಮಾಡಿಟ್ಟಿದ್ದಳು. ಇದು ಯಾರೋ ಒಬ್ಬ ಮಹಿಳೆ ತಾನಾಗಿ ಮಾಡಿದ್ದು, ಆಕೆ ಯಾರೆಂದು ಅಭ್ಯರ್ಥಿಗೆ ಗೊತ್ತಿಲ್ಲ ಎಂದು ಅದರಲ್ಲಿತ್ತು. ಬೆಳಗ್ಗೆ ರೇಡಿಯೋದಲ್ಲಿ ಈ ಒಂದು ವಾಕ್ಯ ಹೇಳಿದರೆ ಬೆಂಕಿ ಆರುತ್ತದೆ, ಹೇಳದಿದ್ದರೆ ಕ್ಷೇತ್ರ ಹೋಗುತ್ತದೆ ಎಂದಳು. ನನ್ನ ಮೇಲೆ ಕೂಗಾಡಲಿಲ್ಲ, ಪಾಪ. ಕೂಗಾಡಿದ್ದರೆ ನನಗೆ ಹಗುರವಾಗುತ್ತಿತ್ತು.

ಹ್ಯಾಲೊರನ್ ಒಳಗಿನ ಕೋಣೆಗೆ ಹೋಗಿ, ಯಾರೂ ದೂರು ಕೊಡುವ ಮೊದಲೇ, ಚುನಾವಣಾ ಆಯೋಗಕ್ಕೆ ತಾವೇ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದರು. ಹೊರಗೆ ಬಂದಾಗ ನಾನು ಅವರೆದುರು ನಿಂತು ಬೇಡಿಕೊಂಡೆ. ನಮ್ಮ ಮಾತೆಲ್ಲ ಯಾವಾಗಲೂ ಇಂಗ್ಲಿಷಿನಲ್ಲೇ, ಇಲ್ಲಿ ನನ್ನ ಭಾಷೆಯಲ್ಲಿ ಹೇಳುತ್ತಿದ್ದೇನೆ.

"ಡೆನಿಸ್ ಸರ್, ನನ್ನ ಗುರುತಿಲ್ಲ ಅಂದ್ಬಿಡಿ. ನನಗೆ ಸ್ವಲ್ಪವೂ ಬೇಜಾರಾಗಲ್ಲ. ನಿಮ್ಮ ಕಾಲಿಗೆ ಬೀಳ್ತೀನಿ."

ಅವರು ಆ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಇವತ್ತು ನಿನ್ನ ಹಬ್ಬ, ಮನೆಗೆ ಹೋಗಿ ಊಟ ಮಾಡು ಎಂದಷ್ಟೇ ಹೇಳಿದರು. ಕಾಗದ ಜೇಬಿಗೆ ಹೋದದ್ದು ನೋಡಿ ನನಗೆ ಸಮಾಧಾನವಾಯಿತು.

ಮನೆಗೆ ಬಂದು ಪರ್ತ್‌ನಲ್ಲಿರುವ ಮಧುರಾಗೆ ಫೋನು ಮಾಡಿದೆ. ಸ್ವಾನ್ ವ್ಯಾಲಿಯ ಹತ್ತಿರ ದೊಡ್ಡ ಮನೆ ಕಟ್ಟಿದ್ದಾಳೆ, ಫೇಸ್‌ಬುಕ್ಕಿನಲ್ಲಿ ಸಾವಿರಾರು ಜನ ಅವಳ ಮಾತು ಓದುತ್ತಾರೆ. ಅಂದು ಅವರು ನಮಗೆ ಮಾಡಿದ್ದನ್ನು ನಾಲ್ಕು ಸಾಲು ಬರೆ ಎಂದು ಕೇಳಿದೆ. ಅವಳು ಒಪ್ಪಲಿಲ್ಲ.

"ಬೇಡ ಕಣೆ. ವೀಸಾ ಪ್ರಾಬ್ಲಮ್ ಆಗಿತ್ತು ಅಂತ ನಮ್ಮ ಮನೇಲಿ ಯಾರಿಗೂ ಗೊತ್ತಿಲ್ಲ. ಆ ದಿನಗಳನ್ನ ನೆನೆಸ್ಕೊಂಡ್ರೆ ನಂಗೆ ಈಗ್ಲೂ ನಿದ್ದೆ ಬರಲ್ಲ."

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂದು ಬೈದು ಫೋನಿಟ್ಟೆ. ಆಮೇಲೆ ಬೈದದ್ದಕ್ಕೆ ಬೇಸರವಾಯಿತು. ಹೆದರಿದವಳನ್ನು ನಾನು ಬೇರೆ ಹೆದರಿಸಬೇಕಿತ್ತೇ.

ಮರುದಿನ ಬೆಳಗ್ಗೆ ಇಂಚರಾಳನ್ನು ಸ್ಕೂಲಿಗೆ ಬಿಡಲು ಹೊರಟೆವು. ಸತೀಶ ಪೆಟ್ರೋಲು ಹಾಕಿಸಲು ಬಂಕಿನಲ್ಲಿ ಕಾರು ನಿಲ್ಲಿಸಿದಾಗ ರೇಡಿಯೋದಲ್ಲಿ ಅವರ ಧ್ವನಿ ಬಂತು. ಕಾನೂನು ಕಾನೂನೇ, ಹೀಗಾಗಬಾರದಿತ್ತು, ನನ್ನ ಹೆಸರಿನಲ್ಲಿ ನಡೆದ ತಪ್ಪನ್ನು ನಾನೇ ಆಯೋಗಕ್ಕೆ ತಿಳಿಸಿದ್ದೇನೆ ಎಂದರು. ಕೇಳುವವನು ಬಿಡಲಿಲ್ಲ. ಸೀರೆ ಉಟ್ಟ ಆ ಹೆಂಗಸು ನಿಮಗೆ ಗೊತ್ತೇ, ಹೌದು ಅಥವಾ ಇಲ್ಲ ಎನ್ನಿ ಎಂದ. ಇಲ್ಲ ಅನ್ನಿ ಎಂದು ನಾನು ಕಾರಿನೊಳಗೆ ಕೂತು ಪಿಸುಗುಟ್ಟುತ್ತಿದ್ದೆ.

"ಗೊತ್ತು," ಎಂದರು ಹ್ಯಾಲೊರನ್. "ಆಕೆಯ ಹೆಸರು ಚಿನ್ಮಯಿ. ಹದಿನಾರು ವರ್ಷದಿಂದ ನನ್ನ ಸ್ನೇಹಿತೆ. ನಿನ್ನೆ ಆಕೆಯ ಹೊಸ ವರ್ಷ. ಸಿಹಿ ಕೊಟ್ಟದ್ದು ತಪ್ಪು. ಸ್ನೇಹಿತೆಯನ್ನು ಗೊತ್ತಿಲ್ಲ ಎನ್ನುವುದು ಅದಕ್ಕಿಂತ ದೊಡ್ಡ ತಪ್ಪು, ಅದನ್ನು ನಾನು ಮಾಡುವುದಿಲ್ಲ."

ನನ್ನ ಹೆಸರನ್ನು ಅವರು ಯಾವಾಗಲೂ ಚಿನ್-ಮೈ ಎನ್ನುತ್ತಿದ್ದರು. ಅವತ್ತು ಸರಿಯಾಗಿ ಹೇಳಿದರು, ಕಲಿತುಕೊಂಡು ಬಂದವರಂತೆ. ಸತೀಶ ಪಂಪಿನ ಪೈಪು ಹಿಡಿದುಕೊಂಡೇ ಕಿಟಕಿಯಲ್ಲಿ ಬಗ್ಗಿ ನೋಡಿದ. ನನಗೆ ಮೊದಲು ಬಂದದ್ದು ಸಿಟ್ಟು. ಈ ಮನುಷ್ಯನಿಗೆ ಬುದ್ಧಿ ಇದೆಯೇ ಎಂದೆ. ಹಿಂದಿನ ಸೀಟಿನಿಂದ ಇಂಚರಾ ಮುಂದೆ ಬಗ್ಗಿ ನನ್ನ ಭುಜದ ಮೇಲೆ ಗದ್ದ ಇಟ್ಟಳು. ಸ್ಕೂಲು ಬರುವ ತನಕ ಹಾಗೇ ಕೂತಿದ್ದಳು.

ಶನಿವಾರ ಮನೆಬಿಟ್ಟು ಬರಬೇಡ ಎಂದು ಟ್ರೇಸಿ ಮೆಸೇಜು ಕಳಿಸಿದಳು. ಅದರ ಹಿಂದೆಯೇ ಹ್ಯಾಲೊರನ್ ಫೋನು ಮಾಡಿ ಎಂಟು ಗಂಟೆಗೆ ಮತಗಟ್ಟೆಯಿರುವ ಸ್ಕೂಲಿನ ಗೇಟಿನ ಹತ್ತಿರ ಬಾ, ಕರಪತ್ರ ಹಂಚಲು ಜನ ಸಾಲದು ಎಂದರು. ಹೋದೆ. ದಿನವಿಡೀ ಅವರ ಪಕ್ಕದಲ್ಲೇ ನಿಂತೆ. ನನ್ನ ಸಿಹಿ ಎಲ್ಲಿ ಎಂದು ಕೆಲವರು ಅಣಕಿಸಿದರು, ಒಬ್ಬ ನನ್ನ ಮುಖ ನೋಡಿಕೊಂಡೇ ಕರಪತ್ರ ಹರಿದ. ವಾಕರ್ ಹಿಡಿದ ಒಬ್ಬ ಅಜ್ಜಿ, ವೋಟು ಹಾಕಲಿದ್ದ ಗಂಡನ ಜೊತೆ ಬಂದಿದ್ದಳು. ಗುರುವಾರ ನೀನು ಕೊಟ್ಟದ್ದನ್ನು ತಿಂದೆ, ಅಂಥ ರುಚಿ ನೋಡಿರಲಿಲ್ಲ, ವೋಟು ಮಾತ್ರ ಇನ್ನೊಬ್ಬನಿಗೇ ಹಾಕಿದೆ ಎಂದಳು. ಹ್ಯಾಲೊರನ್ ಬಿದ್ದು ಬಿದ್ದು ನಕ್ಕರು. ಇದನ್ನು ಆಯೋಗಕ್ಕೆ ಬರೆದುಕೊಡುತ್ತೀರಾ, ನಮ್ಮ ಕೇಸು ಗೆಲ್ಲುತ್ತದೆ ಎಂದು ಆಕೆಯನ್ನು ಕೇಳಿದರು.

ಎಣಿಕೆ ಹತ್ತು ದಿನ ಎಳೆಯಿತು. ನೂರಾ ಹದಿನೇಳು ವೋಟುಗಳಿಂದ ಸೋತರು. ಆಯೋಗದಿಂದ ನನಗೆ ಒಂದು ಪುಟದ ಎಚ್ಚರಿಕೆಯ ಪತ್ರ ಬಂತು, ಅಲ್ಲಿಗೆ ನನ್ನ ಭಾಗದ್ದು ಮುಗಿಯಿತು. ಅವರದ್ದು ಹಾಗೆ ಮುಗಿಯುವಂಥದ್ದಲ್ಲವಲ್ಲ. ಮೂರು ದಿನ ನಾನು ಒಲೆ ಹಚ್ಚಲಿಲ್ಲ. ಸತೀಶ ಅನ್ನ ಮಾಡಿದ, ಸಾರು ಮಾಡಿದ, ನನ್ನನ್ನು ಛೇಡಿಸುವುದನ್ನೇ ಬಿಟ್ಟ. ಅದರಿಂದಲೇ ನನಗೆ ಹೆಚ್ಚು ಹೆದರಿಕೆಯಾಯಿತು.

ನಾಲ್ಕನೆಯ ದಿನ ಅವರ ಆಫೀಸಿಗೆ ಹೋದೆ. ಖಾಲಿ ಮಾಡುತ್ತಿದ್ದರು. ಶೂ ಬಿಚ್ಚಿಟ್ಟು ಸಾಕ್ಸಿನಲ್ಲಿ ಪೆಟ್ಟಿಗೆಗಳ ನಡುವೆ ಕೂತಿದ್ದರು. ನಾನು ಕ್ಷಮೆ ಕೇಳಲು ಹೋದವಳು ಜಗಳಕ್ಕೇ ನಿಂತೆ. ಒಂದು ವಾಕ್ಯ, ಒಂದೇ ಒಂದು ಸುಳ್ಳು ವಾಕ್ಯ ಹೇಳಿದ್ದರೆ ಈ ಪೆಟ್ಟಿಗೆಗಳು ಬೇಕಾಗಿರಲಿಲ್ಲ ಎಂದೆ. ನೂರಾ ಹದಿನೇಳು ಜನ, ಒಂದು ಬಸ್ಸಿನ ಎರಡು ಟ್ರಿಪ್ಪಿನ ಜನ ಎಂದೆ. ನನ್ನಂಥವಳಿಗಾಗಿ ಯಾರಾದರೂ ಕುರ್ಚಿ ಬಿಡುತ್ತಾರೆಯೇ ಎಂದು ಕೇಳಿದೆ.

ಅವರು ಪಕ್ಕದ ಪೆಟ್ಟಿಗೆ ಸರಿಸಿ ಕೂರಲು ಜಾಗ ಮಾಡಿದರು. ಅವರ ಮಾತು ಅವತ್ತು ಮೆಲ್ಲಗಿತ್ತು.

"ಮೂವತ್ತು ವರ್ಷ ವಕೀಲಿಕೆ ಮಾಡಿದೆ. ನಾನೂರು ಜನರಾದರೂ ನನ್ನಿಂದ ಈ ದೇಶದಲ್ಲಿ ಉಳಿದಿದ್ದಾರೆ. ಅಂಗಡಿಯಲ್ಲಿ ನನ್ನನ್ನು ಕಂಡರೆ ಅವರು ಇನ್ನೊಂದು ಸಾಲಿಗೆ ತಿರುಗಿಕೊಳ್ಳುತ್ತಾರೆ. ತಪ್ಪಲ್ಲ ಅದು. ನನ್ನ ಮುಖ ನೋಡಿದರೆ ಅವರ ಕೆಟ್ಟ ವರ್ಷ ನೆನಪಾಗುತ್ತದೆ, ಯಾರಿಗೆ ಬೇಕು? ಪ್ರತಿ ವರ್ಷ ಮೆಟ್ಟಿಲು ಹತ್ತಿ ಬಂದವಳು ನೀನೊಬ್ಬಳು. ಆ ಮುಖವನ್ನೇ ಊಟದ ಮೇಲೆ ಅಂಟಿಸಿ, ಈತ ನನ್ನವನು ಎಂದು ಬೀದಿಯಲ್ಲಿ ನಿಂತು ಹಂಚಿದವಳನ್ನು ನಾನು ಗೊತ್ತಿಲ್ಲ ಎನ್ನಲೇ?"

ಅವರು ಮಾಡಿಕೊಟ್ಟ ಜಾಗದಲ್ಲಿ ಕೂತೆ. ಮಧುರಾ ನೆನಪಾದಳು. ಅವಳನ್ನು ಬೈದಿದ್ದ ನಾನು ತಲೆ ತಗ್ಗಿಸಿದೆ. ಹದಿನಾರು ವರ್ಷದಲ್ಲಿ ಈ ಮನುಷ್ಯರಿಗೆ ಎಷ್ಟೋ ಡಬ್ಬಿ ಕೊಟ್ಟಿದ್ದೇನೆ, ಬಾಯಿಬಿಟ್ಟು ಒಂದು ಮಾತು ಹೇಳಿರಲಿಲ್ಲ. ನಮ್ಮಲ್ಲಿ ಹತ್ತಿರದವರಿಗೆ ಧನ್ಯವಾದ ಹೇಳುವ ಪದ್ಧತಿ ಇಲ್ಲ, ಹೇಳಿದರೆ ದೂರದವರಾಗಿಬಿಡುತ್ತೇವೇನೋ ಎಂಬ ಸಂಕೋಚ. ಅವತ್ತು ಹೇಳಿದೆ.

"ಸಿಟಿಜನ್ ಆದ ದಿನ ಗಿಡ ಕೊಟ್ರು, ಸರ್ಟಿಫಿಕೇಟ್ ಕೊಟ್ರು, ಮೇಯರ್ ಕೈ ಕುಲುಕಿದ್ರು. ಆವತ್ತು ನಂಗೆ ಇದು ನನ್ನ ಊರು ಅನ್ನಿಸ್ಲಿಲ್ಲ, ಸರ್. ಸಂಜೆ ಮನೆಗೆ ಹೋಗಿ ಎಲ್ಲಾ ಪೇಪರ್‌ಗಳನ್ನೂ ಜೋಡಿಸಿ ಬೀರುವಿಗೆ ಬೀಗ ಹಾಕ್ದೆ, ಯಾರಾದ್ರೂ ಬಂದು ಕೇಳ್ತಾರೆ ಅಂತ. ಹತ್ತು ವರ್ಷದಿಂದ ಆ ಬೀಗ ಹಾಗೇ ಇತ್ತು. ಶುಕ್ರವಾರ ನೀವು ರೇಡಿಯೋದಲ್ಲಿ ನನ್ನ ಹೆಸರು ಹೇಳಿದ್ರಿ, ನನ್ನ ಮಗಳು ಕೇಳಿಸ್ಕೊಂಡ್ಳು. ಮನೆಗೆ ಹೋಗಿ ನಾನು ಬೀಗ ತೆಗೆದಿಟ್ಟೆ. ಥ್ಯಾಂಕ್ ಯೂ, ಡೆನಿಸ್."

ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು, ಒರೆಸುತ್ತಲೇ ಇದ್ದರು. ಆಮೇಲೆ ಇಬ್ಬರೂ ಎದ್ದು ಪೆಟ್ಟಿಗೆಗಳನ್ನು ಒಂದೊಂದಾಗಿ ಕಾರಿಗೆ ಸಾಗಿಸಿದೆವು.